ಬ್ಯಾಡಗಿ ಮೆಣಸಿನಕಾಯಿಯ ದಾಯಾದಿ ಯಾರು, ನಿಮಗಿದು ಗೊತ್ತೇ?

ಬ್ಯಾಡಗಿ ಮಾರುಕಟ್ಟೆಯಲ್ಲಿ ಕೆಂಪಗೆ ರಾಶಿ ಬಿದ್ದ ಮೆಣಸಿನಕಾಯಿ ನೋಡಿದ್ದೀರಲ್ಲ? ಅದರ ದಾಯಾದಿಗಳ ಹೆಸರು ಹೇಳಿ ನೋಡೋಣ. ಬದನೆ, ಟೊಮೆಟೊ, ಆಲೂಗಡ್ಡೆ. ಸರಿ, ಇನ್ನೊಬ್ಬ ಉಳಿದ. ತಂಬಾಕು! ಎಲ್ಲವೂ ಸೋಲನೇಸಿ ಎಂಬ ಒಂದೇ ಸಸ್ಯಕುಟುಂಬ. ಮೆಣಸಿನಕಾಯಿ, ತಂಬಾಕು ಎರಡರ ತವರೂ ಅಮೆರಿಕ ಖಂಡ. ಎರಡನ್ನೂ ಹಡಗಿನಲ್ಲಿ ನಮ್ಮ ಕಡೆ ತಂದವರು ಪೋರ್ಚುಗೀಸರು. ಒಂದು ಅಡುಗೆಮನೆ ಸೇರಿತು, ಇನ್ನೊಂದು ಪಾನ್ ಅಂಗಡಿಯ ತೋರಣವಾಯಿತು!

ತಂಬಾಕಿನ ಗಿಡ ನಿಕೋಟಿನ್ ತಯಾರಿಸುವುದು ಯಾರಿಗಾಗಿ? ಎಲೆ ಮೇಯಲು ಬರುವ ಹುಳಕ್ಕಾಗಿ, ಅದನ್ನು ಕೊಲ್ಲಲು! ಹಿಂದಿನ ರೈತರು ಬೆಳೆಗೆ ಹೇನು ಬಿದ್ದರೆ ತಂಬಾಕು ಕುದಿಸಿ ಆ ಕಷಾಯ ಹೊಡೆಯುತ್ತಿದ್ದರು. ಇಂದು ಗೊಬ್ಬರದ ಅಂಗಡಿಯಲ್ಲಿ ಸಿಗುವ ಇಮಿಡಾಕ್ಲೋಪ್ರಿಡ್ ಕೂಡ ಅದೇ ದಾರಿಯದು. ಅದರ ಗುಂಪಿನ ಹೆಸರು ನಿಯೋನಿಕೋಟಿನಾಯ್ಡ್, ಅಂದರೆ ‘ಹೊಸ ನಿಕೋಟಿನ್’. ಹೊಲದಲ್ಲಿ ಅದನ್ನು ಹೊಡೆಯುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳುತ್ತೇವೆ. ಅದರ ಮೂಲಪುರುಷನನ್ನು ನಮ್ಮ ಹುಡುಗರು ದವಡೆಯಲ್ಲಿ ಇಟ್ಟುಕೊಳ್ಳುತ್ತಾರೆ!

ಅಕ್ಬರ್ ಬಾದಶಹನಿಗೆ ತಂಬಾಕು ಹೋದದ್ದು ಎಲ್ಲಿಂದ? ನಮ್ಮ ವಿಜಯಪುರದಿಂದ! 1604ರ ಸುಮಾರಿಗೆ ಅಸದ್ ಬೇಗ್ ಎಂಬ ರಾಯಭಾರಿ ಆದಿಲ್‌ಶಾಹಿ ರಾಜಧಾನಿಯಲ್ಲಿ ಅದನ್ನು ಕಂಡು ಬೆರಗಾಗಿ, ಚಿಲುಮೆ ಸಮೇತ ಹೊತ್ತೊಯ್ದ. ಬಾದಶಹ ಒಂದೆರಡು ದಮ್ ಎಳೆದ. ಆಸ್ಥಾನದ ವೈದ್ಯ ಸಾಕು ಅಂದ! ಮಗ ಜಹಾಂಗೀರನಂತೂ 1617ರಲ್ಲಿ ಹೊಗೆ ಸೇದುವುದನ್ನೇ ನಿಷೇಧಿಸಿದ.

ನಿಷೇಧ ನಮಗೂ ಹೊಸದಲ್ಲ. ಕರ್ನಾಟಕದಲ್ಲಿ ಸಾರಾಯಿ 2007ರ ಜುಲೈ 1ಕ್ಕೆ ನಿಂತಿತು. ಗುಟ್ಕಾ 2013ರಲ್ಲಿ. ಆಗ ಕಂಪನಿಗಳು ಏನು ಮಾಡಿದವು ಗೊತ್ತೇ? ಪಾನ್ ಮಸಾಲೆ ಒಂದು ಚೀಟಿ, ತಂಬಾಕು ಇನ್ನೊಂದು ಚೀಟಿ. ಎರಡನ್ನೂ ಕೊಂಡು ಅಂಗೈಯಲ್ಲಿ ಬೆರೆಸಿದರೆ ಮತ್ತೆ ಗುಟ್ಕಾ!

ಈಗ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಬೆರಗುಗೊಳಿಸಿದ ಲೆಕ್ಕ. ಹೈಸ್ಕೂಲ್ ಹುಡುಗನಿಗೆ ಮೊದಲ ಚೀಟಿ ಕೊಡುವಾಗ ಗೆಳೆಯ ಏನನ್ನುತ್ತಾನೆ? “ಎಲ್ಲಾರೂ ತಿಂತಾರಲೇ, ನಿಂದೇನ್ ಬ್ಯಾರೆ?” ಎಲ್ಲಾರೂ? 2019ರ ಜಾಗತಿಕ ಯುವ ತಂಬಾಕು ಸಮೀಕ್ಷೆ ಕರ್ನಾಟಕದ ಶಾಲೆಗಳಲ್ಲೂ ನಡೆಯಿತು. 13ರಿಂದ 15 ವರ್ಷದ ವಿದ್ಯಾರ್ಥಿಗಳಲ್ಲಿ ಆಗ ತಂಬಾಕು ಬಳಸುತ್ತಿದ್ದವರು ಶೇ 1.2. ಇಡೀ ದೇಶದ ಸರಾಸರಿ ಶೇ 8.5! ಐವತ್ತು ಮಕ್ಕಳ ತರಗತಿಯಲ್ಲಿ ಒಬ್ಬ ಸಿಕ್ಕರೆ ಹೆಚ್ಚು. ಉಳಿದ ನಲವತ್ತೊಂಬತ್ತು ಮಂದಿ ತಿನ್ನುವುದೇ ಇಲ್ಲ! ಈ ಲೆಕ್ಕವನ್ನು ರಾಣೆಬೆನ್ನೂರಿನ ಪ್ರತಿ ಹೈಸ್ಕೂಲಿನ ಬೋರ್ಡಿನ ಮೇಲೆ ಬರೆಯಬೇಕು ಎಂದು ನನ್ನ ಆಸೆ.

ಆದರೆ ತಡೆಯಿರಿ. 2016-17ರ ವಯಸ್ಕರ ಸಮೀಕ್ಷೆಯಲ್ಲಿ ಇದೇ ಕರ್ನಾಟಕದ ಲೆಕ್ಕ ಶೇ 22.8! ಶಾಲೆಯಲ್ಲಿ ನೂರಕ್ಕೆ ಒಬ್ಬ, ದೊಡ್ಡವರಲ್ಲಿ ನೂರಕ್ಕೆ ಸುಮಾರು ಇಪ್ಪತ್ತಮೂರು ಮಂದಿ. ಹತ್ತನೇ ಇಯತ್ತೆ ಮುಗಿಸಿದ ಹುಡುಗ ಕಾಲೇಜಿಗೋ ಕೆಲಸಕ್ಕೋ ಹೋಗುವ ಆ ನಾಲ್ಕೈದು ವರ್ಷ ಎಷ್ಟು ನಾಜೂಕು ನೋಡಿ!

ಇನ್ನೂ ಮುಂಚೆಯೇ ಬೀಳುವವರೂ ಇದ್ದಾರೆ. 2019ರ ಅದೇ ಸಮೀಕ್ಷೆಯ ದೇಶದ ಲೆಕ್ಕದಲ್ಲಿ, ಸಿಗರೇಟ್ ಸೇದಿದ ಮಕ್ಕಳ ಪೈಕಿ ಶೇ 38 ಮಂದಿ ಹತ್ತು ವರ್ಷ ತುಂಬುವ ಮೊದಲೇ ಶುರು ಮಾಡಿದ್ದರು. ಮೂರನೇ, ನಾಲ್ಕನೇ ಇಯತ್ತೆಯ ವಯಸ್ಸು ಅದು!

ಮಿದುಳಿನಲ್ಲಿ ಕೊನೆಗೆ ಬಲಿಯುವ ಭಾಗ ಯಾವುದು ಗೊತ್ತೇ? ಹಣೆಯ ಹಿಂದಿನದು, ‘ಬೇಡ, ನಿಲ್ಲು’ ಎನ್ನುವುದು. ಅದು ಪೂರ್ತಿ ಬಲಿಯಲು ಸುಮಾರು 25 ವರ್ಷ ಬೇಕು. ಖುಷಿ ಹುಡುಕುವ ಭಾಗ ಮಾತ್ರ ಹದಿಮೂರಕ್ಕೇ ಚುರುಕು. ಹೋರಿ ಓಡಲು ಸಿದ್ಧ, ಮೂಗುದಾರ ಇನ್ನೂ ಹೊಸೆಯುತ್ತಿದ್ದಾರೆ!

ಮೂರು ಬೆರಳು ಜೋಡಿಸಿ ಹಿಡಿಯಿರಿ. ಒಂದರ ಮೇಲೊಂದು ಬರುವಂತೆ ಬಾಯೊಳಗೆ ಇಡಿ. ಹೋಯಿತೇ? ಒಳ್ಳೆಯದು! ಅಡಿಕೆ, ಗುಟ್ಕಾ ಜಗಿದು ಜಗಿದು ಕೆನ್ನೆಯ ಒಳಪದರ ಗಟ್ಟಿಯಾದವರಿಗೆ ಮೂರು ಬೆರಳು ಹೋಗುವುದಿಲ್ಲ. ರೊಟ್ಟಿ ತುತ್ತು ಇಡುವುದೂ ಕಷ್ಟ. ಈ ಕಾಯಿಲೆ ಹದಿಹರೆಯದವರಿಗೂ ಬರುತ್ತದೆ! ಇನ್ನೊಂದು ಅಚ್ಚರಿ: ತಂಬಾಕು ಬೆರೆಸದ ಬರೀ ಅಡಿಕೆಯನ್ನೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೇ ಸೇರಿಸಿದೆ.

ಕೆನ್ನೆ ಗಟ್ಟಿಯಾಗುವ ಆ ಕಾಯಿಲೆಯ ಮೊದಲ ಸುಳಿವು ಹೆಚ್ಚಾಗಿ ಸಿಗುವುದು ಊಟದ ತಟ್ಟೆಯ ಮುಂದೆ! ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಜಾಸ್ತಿ, ಖಾರ ಕಡಿಮೆ. ಅದರ ಚಟ್ನಿಗೂ ಮಗ ‘ಬಾಯಿ ಉರಿತೈತಿ’ ಎಂದರೆ, ನಿನ್ನೆ ತಿಂದದ್ದೇ ಇಂದು ಸುಡುತ್ತಿದ್ದರೆ, ಅವ್ವ ಒಮ್ಮೆ ಅವನ ಬಾಯಿ ನೋಡಲಿ. ಗದರಿಸುವುದು ಬೇಡ. ದಂತವೈದ್ಯರಿಗೆ ತೋರಿಸಲಿ.

ದೊಡ್ಡವರಿಗಿಂತ ಮಕ್ಕಳೇ ಹೆಚ್ಚು ಬಳಸುವ ನಶೆ ಯಾವುದು? ಮದ್ಯವಲ್ಲ, ಗಾಂಜಾ ಅಲ್ಲ. ಪಂಕ್ಚರ್ ಸಲ್ಯೂಷನ್, ವೈಟ್ನರ್, ಥಿನ್ನರ್! 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯಲ್ಲಿ ಮೂಸುವ ನಶೆಯ ಲೆಕ್ಕ ಮಕ್ಕಳಲ್ಲಿ ಶೇ 1.17, ದೊಡ್ಡವರಲ್ಲಿ ಶೇ 0.58. ಉಳಿದ ಯಾವ ನಶೆಯಲ್ಲೂ ಹೀಗೆ ತಿರುವುಮುರುವು ಇಲ್ಲ. ಭಯದ ಸಂಗತಿ ಎಂದರೆ, ಮೊದಲ ಸಲ ಮೂಸಿದಾಗಲೇ ಹೃದಯ ನಿಂತುಬಿಡಬಹುದು.

ಮಗುವಿನ ಕೈಗೆ ಮದ್ಯ, ತಂಬಾಕು ಅಥವಾ ಡ್ರಗ್ಸ್ ಕೊಟ್ಟರೆ ಎಷ್ಟು ಶಿಕ್ಷೆ? 2015ರ ಬಾಲನ್ಯಾಯ ಕಾಯ್ದೆಯ 77ನೇ ಕಲಂ ಪ್ರಕಾರ ಏಳು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ! ತಂಬಾಕು ಕೊಳ್ಳುವ ವಯಸ್ಸನ್ನೂ ಕರ್ನಾಟಕ 2025ರಲ್ಲಿ 18ರಿಂದ 21ಕ್ಕೆ ಏರಿಸಿದೆ. ಅಂದರೆ ಡಿಗ್ರಿ ಓದುವ ಬಹುಪಾಲು ಹುಡುಗರಿಗೂ ಅಂಗಡಿಯವರು ಮಾರುವಂತಿಲ್ಲ.

ಕಾಯ್ದೆ ಹೀಗೆ. ಇನ್ನು ನಮ್ಮ ಸಂತರು? ಹಾವೇರಿ ಜಿಲ್ಲೆಯ ಶಿಶುನಾಳದ ಶರೀಫರು ಗುಡುಗುಡಿಯ ಮೇಲೂ ಪದ ಕಟ್ಟಿದ್ದಾರೆ. ಅಲ್ಲಿ ಕೊಚ್ಚಿ ಸುಡುವ ಸರಕು ಯಾವುದು ಗೊತ್ತೇ? ಮೋಹ!

ಇನ್ನೊಬ್ಬರು ಇಳಕಲ್ಲಿನ ಡಾ. ಮಹಾಂತ ಶಿವಯೋಗಿಗಳು. ಜೋಳಿಗೆ ಹಿಡಿದು ಮನೆಮನೆಗೆ, ಹಟ್ಟಿಹಟ್ಟಿಗೆ ಹೋದರು. ಜೋಳ ಬೇಡಲಿಲ್ಲ, ರೊಕ್ಕ ಬೇಡಲಿಲ್ಲ. ನಿಮ್ಮ ಚಟ ಭಿಕ್ಷೆ ಹಾಕಿ ಎಂದರು! ಜನ ಬೀಡಿ ಕಟ್ಟನ್ನೂ ತಂಬಾಕಿನ ಚೀಟಿಯನ್ನೂ ಜೋಳಿಗೆಗೆ ಹಾಕಿ ಕೈಮುಗಿದರು. ಇಂದಿಗೂ ಅವರು ಹುಟ್ಟಿದ ಆಗಸ್ಟ್ 1 ನಮ್ಮ ರಾಜ್ಯದಲ್ಲಿ ವ್ಯಸನಮುಕ್ತ ದಿನ. ಬೈಯದೆ, ಬೇಡಿ ಪಡೆದದ್ದು ನೋಡಿ!

ಐಸ್‌ಲ್ಯಾಂಡಿನ ಕಥೆಯೂ ಬೈಗುಳವಿಲ್ಲದ್ದೇ. 1998ರಲ್ಲಿ ಅಲ್ಲಿನ 15-16 ವರ್ಷದವರಲ್ಲಿ ಶೇ 42 ಮಂದಿ ಹಿಂದಿನ ತಿಂಗಳಲ್ಲಿ ಅಮಲೇರುವಷ್ಟು ಕುಡಿದಿದ್ದರು. 2016ಕ್ಕೆ ಅದು ಶೇ 5! ಮಕ್ಕಳಿಗೆ ಆಟ, ಸಂಗೀತ ಕಲಿಯಲು ದುಡ್ಡು ಕೊಟ್ಟರು. ಅಪ್ಪ ಅಮ್ಮಂದಿರು ಮಕ್ಕಳ ಜೊತೆ ಹೆಚ್ಚು ಹೊತ್ತು ಕಳೆದರು. ನಮ್ಮ ಊರುಗಳ ಗರಡಿಮನೆ, ಕಬಡ್ಡಿ ಅಂಕಣಗಳಿಗೂ ಆ ಶಕ್ತಿ ಇದೆ ಎಂದೇ ನನ್ನ ನಂಬಿಕೆ.

14416. ಈ ಐದು ಅಂಕಿ ಒತ್ತಿದರೆ ಹಗಲೂ ರಾತ್ರಿ, ದುಡ್ಡಿಲ್ಲದೆ, ಕನ್ನಡದಲ್ಲೇ ಆಪ್ತಸಲಹೆ! ಇದು ಟೆಲಿ ಮಾನಸ್. ಡ್ರಗ್ಸ್ ವಿಷಯಕ್ಕೇ ಬೇರೆ ಸಹಾಯವಾಣಿ ಇದೆ, 14446. ತಾಲೂಕು ಆಸ್ಪತ್ರೆಗೆ ಮನೋವೈದ್ಯರು ಮಂಗಳವಾರ ಬರುವ ‘ಮನೋಚೈತನ್ಯ’ ಕಾರ್ಯಕ್ರಮವೂ ಉಂಟು. ನಿಮ್ಮ ತಾಲೂಕಿಗೆ ಯಾವ ಮಂಗಳವಾರ ಎಂದು ಕೇಳಿಕೊಂಡರಾಯಿತು.

ಕೊನೆಯದೊಂದು, ನನಗೆ ತುಂಬ ಇಷ್ಟವಾದದ್ದು. ರಾಣೆಬೆನ್ನೂರು ಬಸ್‌ಸ್ಟ್ಯಾಂಡಿನ ಹೊರಗೆ ಒಬ್ಬ ಹುಡುಗ ಸಿಗರೇಟ್ ಹೊಸಕಿ ಹಾಕಿ ಹಾವೇರಿ ಬಸ್ ಹತ್ತಿದ ಎನ್ನಿ. ಇಪ್ಪತ್ತೇ ನಿಮಿಷದಲ್ಲಿ ಅವನ ಎದೆಬಡಿತ ಇಳಿಯತೊಡಗುತ್ತದೆ. ಬಸ್ಸು ಇನ್ನೂ ಮೋಟೆಬೆನ್ನೂರಿನ ಆಸುಪಾಸಿನಲ್ಲಿರುತ್ತದೆ!