ಎರಡು ನುಡಿಯ ಮನೆಯ ಕೂಸು

ನಮ್ಮ ತಂಗಿಯ ಮಗಳು ವಿಜಯಪುರದವಳು. ಅವಳ ಕೈಹಿಡಿದವರು ಲಾತೂರಿನವರು. ಲಿಂಗಪೂಜೆ, ಆಚಾರಗಳಲ್ಲಿ ಎರಡೂ ಮನೆತನಗಳಿಗೆ ಭೇದವಿಲ್ಲ, ಭೇದವಿರುವುದು ನುಡಿಯಲ್ಲಿ. ಆ ಮನೆಯ ಹಿರಿಯರು ಪಾರಾಯಣ ಮಾಡುವುದು ಮನ್ಮಥಸ್ವಾಮಿಗಳ ಮರಾಠಿ ‘ಪರಮರಹಸ್ಯ’ವನ್ನು.

ದಂಪತಿಗಳು ಪುಣೆಯಲ್ಲಿ ನೆಲೆಸಿರುವರು. ಮಗಳಿಗೆ ಮೂರು ವರ್ಷವಾಗಿದ್ದಾಗ ಶಿಶುವಿಹಾರದ ಶಿಕ್ಷಕಿಯೊಬ್ಬರು, ಮಾತು ಕಲಬೆರಕೆಯಾಗುತ್ತಿದೆ, ಮನೆಯಲ್ಲಿ ಕನ್ನಡ ನಿಲ್ಲಿಸಿರಿ ಎಂದರು. ತಾಯಿ ನಿಲ್ಲಿಸಿಬಿಟ್ಟಳು. ಎರಡು ವರ್ಷಗಳ ತರುವಾಯ ಸಂಕ್ರಮಣಕ್ಕೆ ಸಿದ್ಧೇಶ್ವರ ಜಾತ್ರೆಗೆಂದು ಬಂದಾಗ, ಅಜ್ಜಿ ಮಾತನಾಡಿಸಿದರೆ ಆ ಕೂಸು ತಾಯಿಯ ಮುಖ ನೋಡುತ್ತಿತ್ತು. ಅಜ್ಜಿಗೆ ಮರಾಠಿ ಬಾರದು. ಆ ರಾತ್ರಿ ನಮ್ಮ ತಂಗಿ ಉಣ್ಣಲಿಲ್ಲ.

ಶಿಕ್ಷಕಿಯ ಉದ್ದೇಶ ಒಳ್ಳೆಯದೇ ಇದ್ದೀತು. ಸಲಹೆ ಮಾತ್ರ ತಪ್ಪು. ನುಡಿಗಳನ್ನು ಬೆರೆಸುವುದು ಕಲಿಕೆಯ ಸಹಜ ರೀತಿಯೇ ಹೊರತು ರೋಗವಲ್ಲ. ಇಂಥ ಮಗುವಿನ ಶಬ್ದಭಂಡಾರವನ್ನು ಅಳೆಯುವವರು ಎರಡೂ ನುಡಿಗಳ ಶಬ್ದಗಳನ್ನು ಕೂಡಿಸಿ ಎಣಿಸಬೇಕು. ಹಿಂದೆ ಆ ಕೂಸು “ಕುರ್ಚಿ ಬಿದ್ದಳು” ಎಂದಾಗ ಮನೆಯವರೆಲ್ಲ ನಕ್ಕಿದ್ದರಂತೆ. ಮಠದಲ್ಲಿ ವ್ಯಾಕರಣ ಓದಿದ ನಮಗೆ ಮಾತ್ರ ಅದನ್ನು ಕೇಳಿ ಸಂತೋಷವೇ ಆಯಿತು! ಮರಾಠಿಯಲ್ಲಿ ಕುರ್ಚಿ ಸ್ತ್ರೀಲಿಂಗ, ಕನ್ನಡದಲ್ಲಿ ನಪುಂಸಕ. ಕೂಸು ಒಂದು ನುಡಿಯ ನಿಯಮವನ್ನು ಇನ್ನೊಂದಕ್ಕೆ ಹಚ್ಚಿ ನೋಡಿತ್ತು, ಅಷ್ಟೆ. ಸಾಂಗಲಿ ಜಿಲ್ಲೆಯ ಕುಪವಾಡದಲ್ಲಿ ಕನ್ನಡ, ಮರಾಠಿ, ಉರ್ದು ನುಡಿಗಳು ತಲೆಮಾರುಗಳಿಂದ ಒಂದೇ ಊರಿನಲ್ಲಿ ಬಾಳಿ, ವಾಕ್ಯರಚನೆಯಲ್ಲಿ ಒಂದನ್ನೊಂದು ಹೋಲತೊಡಗಿದರೂ ಶಬ್ದಗಳಲ್ಲಿ ಬೇರೆಯಾಗಿಯೇ ಉಳಿದುದನ್ನು ಗಂಪರ್ಜ್ ಮತ್ತು ವಿಲ್ಸನ್ ಎಂಬ ವಿದ್ವಾಂಸರು 1971ರಲ್ಲಿ ಪ್ರಕಟಿಸಿದ ಲೇಖನದಲ್ಲಿ ತೋರಿಸಿದ್ದಾರೆ.

ತಾಯಿ ಕನ್ನಡವನ್ನೇ ಆಡಲಿ, ಮಗಳು ಮರಾಠಿಯಲ್ಲಿ ಉತ್ತರಿಸಿದರೆ ಗದರದೆ ಕನ್ನಡದಲ್ಲಿಯೇ ಮಾತು ಮುಂದುವರಿಸಲಿ ಎಂದು ಹೇಳಿದೆವು. ವಾರಕ್ಕೊಂದು ಗಂಟೆಯ ಪಾಠದಿಂದ ಆಗದುದು, ನಿತ್ಯ ರೊಟ್ಟಿ ಬಡಿಯುವಾಗ, ಜಳಕ ಮಾಡಿಸುವಾಗ ಆಡುವ ಮಾತಿನಿಂದ ಆಗುತ್ತದೆ. ಲಿಪಿಯ ಭಯವೂ ಬೇಡ. ವರ್ಣಮಾಲೆಯ ಕ್ರಮ ಎರಡಕ್ಕೂ ಬಹುತೇಕ ಒಂದೇ. ಮರಾಠಿಯಲ್ಲಿಲ್ಲದ ಹ್ರಸ್ವ ಎ, ಒ ಸ್ವರಗಳನ್ನು ಮಾತ್ರ ಕಿವಿಗೆ ರೂಢಿ ಮಾಡಿಸಬೇಕು. ತಂದೆಯೂ ಮಗಳೊಡನೆ ಕುಳಿತು ಕನ್ನಡ ಅಕ್ಷರ ತಿದ್ದುತ್ತಿರುವರಂತೆ, ಮಗಳೇ ಗುರು.

ಈಗ ಪ್ರತಿ ಸೋಮವಾರ ಅಜ್ಜಿಗೆ ದೂರವಾಣಿ ಕರೆ ಬರುತ್ತದೆ. ಮೊನ್ನೆ ಮೊಮ್ಮಗಳು, “ಅಜ್ಜೀ, ನಾ ಪೋಳಿ ತಿಂದೆ” ಎಂದಳು. ಪುಣೆಯಲ್ಲಿ ಪೋಳಿಯೆಂದರೆ ಚಪಾತಿ, ಅಜ್ಜಿ ಹೋಳಿಗೆಯೆಂದು ತಿಳಿದು, “ಇವತ್ತ ಯಾವ ಹಬ್ಬನವ್ವಾ ನಿಮ್ಮನ್ಯಾಗ?” ಎಂದು ಕೇಳಿದಳು. ಆ ಕಡೆಯಿಂದ ನಗು ಕೇಳಿಬಂತು. “ಹಬ್ಬ ಇಲ್ಲಜ್ಜೀ, ಬರೇ ಚಪಾತಿ!”