ಹೊಂಗೆ ಎಣ್ಣೆಯ ಎಂಜಿನ್ನಿಗೆ ಹಳೆಯ ಲೋಹ ಸುರುಳಿ

ಸಸ್ಯಜನ್ಯ ಎಣ್ಣೆಯಿಂದ ಡೀಸೆಲ್ ಎಂಜಿನ್ನನ್ನು ನಡೆಸಬಹುದೆಂಬುದು ಹೊಸ ಶೋಧವಲ್ಲ. 1900ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿಯೇ ಚಿಕ್ಕದೊಂದು ಡೀಸೆಲ್ ಎಂಜಿನ್ ಕಡಲೆಕಾಯಿ ಎಣ್ಣೆಯಿಂದ ಓಡಿತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಉಡುಪಿ ಶ್ರೀನಿವಾಸ ಅವರು ‘ಸುತ್ರ’ ಯೋಜನೆಯ ಮೂಲಕ ಕಗ್ಗನಹಳ್ಳಿಯಲ್ಲಿ ಹೊಂಗೆ ಎಣ್ಣೆಯ ಜನರೇಟರಿನಿಂದ ನೀರೆತ್ತುವ ವ್ಯವಸ್ಥೆಯನ್ನು ರೂಪಿಸಿದರು. ಅಂದಿನ ಆದಿಲಾಬಾದ್ ಜಿಲ್ಲೆಯ ಪವರ್‌ಗುಡ ಗ್ರಾಮದ ಮಹಿಳೆಯರು, ಹೈದರಾಬಾದ್ ಸಮೀಪದ ಪಟಾನ್‌ಚೆರುವಿನಲ್ಲಿರುವ ಇಕ್ರಿಸ್ಯಾಟ್ ಸಂಸ್ಥೆಯ ನೆರವಿನೊಡನೆ ಹೊಂಗೆಯನ್ನು ಬೆಳೆಸಿದರು. ಈ ಎಣ್ಣೆ ಡೀಸೆಲ್ಲಿನ ಸ್ಥಾನ ತುಂಬುವುದರಿಂದ ತಪ್ಪುವ 147 ಟನ್ ಇಂಗಾಲದ ಡೈ ಆಕ್ಸೈಡಿನ ಲೆಕ್ಕದಲ್ಲಿ 2003ರಲ್ಲಿ ವಿಶ್ವ ಬ್ಯಾಂಕಿನಿಂದ ಅವರಿಗೆ 645 ಡಾಲರ್ ಸಂದಿತು.

ಹಾಗಿದ್ದೂ ಹೊಂಗೆ ಎಣ್ಣೆಯನ್ನು ನೇರವಾಗಿ ಸುರಿದುಕೊಂಡ ಎಂಜಿನ್ ಹೆಚ್ಚು ಕಾಲ ಬಾಳುವುದಿಲ್ಲ. ಎಣ್ಣೆಯ ಸ್ನಿಗ್ಧತೆ ಡೀಸೆಲ್ಲಿಗಿಂತ ಸುಮಾರು ಹತ್ತು ಪಟ್ಟು ಅಧಿಕ. ಇಂಜೆಕ್ಟರಿನಿಂದ ಅದು ನುಣ್ಣನೆಯ ತುಂತುರಾಗಿ ಹೊಮ್ಮದೆ ದಪ್ಪ ಹನಿಗಳಾಗಿ ಬೀಳುತ್ತದೆ, ಅರೆಬರೆ ಉರಿದು ಮಸಿ ಕಟ್ಟುತ್ತದೆ. ಎಣ್ಣೆಯನ್ನು 80 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದರೆ ಅದರ ಸ್ನಿಗ್ಧತೆ ಸುಮಾರು ಮೂರನೆಯ ಒಂದು ಭಾಗಕ್ಕೆ ಇಳಿಯುತ್ತದೆ.

ಈ ಶಾಖಕ್ಕೆ ಪ್ರತ್ಯೇಕ ಒಲೆ ಬೇಕಿಲ್ಲ. ಇಂಧನದ ಶಕ್ತಿಯ ಗಣನೀಯ ಭಾಗವು ತಣಿಸುವ ನೀರಿನೊಡನೆ ವ್ಯರ್ಥವಾಗಿ ಹೋಗುತ್ತದೆ. ಆ ಬಿಸಿನೀರಿನಲ್ಲಿ ಲೋಹದ ಸುರುಳಿಯೊಂದನ್ನು ಮುಳುಗಿಸಿ ಅದರೊಳಗೆ ಎಣ್ಣೆಯನ್ನು ಹರಿಸಿದರೆ ಶಾಖ ವಿನಿಮಯಕ ಸಿದ್ಧವಾಯಿತು. ಐದು ಅಶ್ವಶಕ್ತಿಯ ಎಂಜಿನ್ ಗಂಟೆಗೆ ಸುಮಾರು ಒಂದು ಲೀಟರ್ ಇಂಧನವನ್ನು ಬಳಸುತ್ತದೆ. ಅಷ್ಟು ಎಣ್ಣೆಯನ್ನು 30ರಿಂದ 80 ಡಿಗ್ರಿಗೆ ಏರಿಸಲು 30 ವ್ಯಾಟಿನಷ್ಟು ಶಾಖವೂ ಬೇಡ. ಹಳೆಯ ಕಾಲದ 40 ವ್ಯಾಟಿನ ಬಲ್ಬು ಅದಕ್ಕಿಂತ ಹೆಚ್ಚು ಬಿಸಿಯನ್ನು ಕೊಡುತ್ತಿತ್ತು. ಸಣ್ಣ ವ್ಯಾಸದ ಎರಡು ಮೀಟರ್ ಕೊಳವೆ ಈ ಕೆಲಸಕ್ಕೆ ಸಾಕು.

ಒಮ್ಮೆ ಆಲ್ವಿನ್ ರೆಫ್ರಿಜರೇಟರುಗಳನ್ನು ತಯಾರಿಸುತ್ತಿದ್ದ ಹೈದರಾಬಾದಿನಲ್ಲಿ ಗುಜರಿಯ ಸುರುಳಿ ಎಂದೊಡನೆ ಹಳೆಯ ಏರ್ ಕಂಡಿಷನರಿನ ತಾಮ್ರದ ಕೊಳವೆ ನೆನಪಿಗೆ ಬರುವುದು ಸಹಜ. ತಾಮ್ರವು ಸ್ಟೇನ್‌ಲೆಸ್ ಸ್ಟೀಲಿಗಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು ಚೆನ್ನಾಗಿ ಶಾಖವನ್ನು ಒಯ್ಯುತ್ತದೆ. ಆದರೆ ಈ ಕೆಲಸಕ್ಕೆ ತಾಮ್ರ ಒಗ್ಗದು. ಬಿಸಿಯಾದ ಸಸ್ಯಜನ್ಯ ಎಣ್ಣೆಯ ಉತ್ಕರ್ಷಣಕ್ಕೆ ಅದು ವೇಗವರ್ಧಕವಾಗಿ, ಎಣ್ಣೆಯನ್ನು ಬೇಗ ಅಂಟಾಗಿಸುತ್ತದೆ. ಜಿ.ಐ. ಕೊಳವೆಯ ಸತುವಿನ ಲೇಪವೂ ಎಣ್ಣೆಯ ಆಮ್ಲಗಳೊಡನೆ ಸೇರಿ ಸಾಬೂನಿನಂತಹ ಗಸಿಯನ್ನುಂಟುಮಾಡುತ್ತದೆ. ಇನ್ನು ಸ್ಟೀಲು ಶಾಖವನ್ನು ನಿಧಾನವಾಗಿ ಒಯ್ಯುತ್ತದೆಂಬ ಆತಂಕಕ್ಕೆ ಇಲ್ಲಿ ಕಾರಣವಿಲ್ಲ. ಶಾಖದ ಹರಿವಿಗೆ ಮುಖ್ಯ ಅಡ್ಡಿಯಾಗುವುದು ಕೊಳವೆಯ ತೆಳು ಗೋಡೆಯಲ್ಲ, ಒಳಗೆ ನಿಧಾನವಾಗಿ ಸಾಗುವ ಎಣ್ಣೆಯೇ. ಡೈರಿ, ಆಹಾರ ಕಾರ್ಖಾನೆಗಳಿಂದ ಕಳಚಿ ಬಂದ ಸ್ಟೀಲಿನ ಸುರುಳಿಯನ್ನು ಆರಿಸಿಕೊಳ್ಳುವುದು ಲೇಸು. ಔಷಧ ಕಾರ್ಖಾನೆಯದಾದರೆ ಒಳಗೆ ಯಾವ ರಾಸಾಯನಿಕ ಹರಿದಿತ್ತೆಂದು ತಿಳಿಯದೆ ಕೊಳ್ಳಬಾರದು.

ತಾಮ್ರದ ಆಸೆಗೆ ಹಳೆಯ ಫ್ರಿಜ್ಜನ್ನು ಬಯಲಿನಲ್ಲಿ ಕತ್ತರಿಸುವುದಂತೂ ಸಲ್ಲದು. ಅದರಲ್ಲಿ ಓಝೋನ್ ಪದರಕ್ಕೆ ಹಾನಿಕರವಾದ ಅನಿಲ ಉಳಿದಿರಬಹುದು.

ಸುರುಳಿಯನ್ನು ಅಳವಡಿಸುವ ಮೊದಲು ಒಳಗನ್ನು ತೊಳೆದು ಒಣಗಿಸಿ, ಒಂದು ತುದಿಯನ್ನು ಮುಚ್ಚಿ, ಸೈಕಲ್ ಪಂಪಿನಿಂದ ಗಾಳಿ ತುಂಬಿ ನೀರಿನಲ್ಲಿ ಮುಳುಗಿಸಿ ನೋಡಬೇಕು. ಗುಳ್ಳೆ ಎದ್ದ ಸುರುಳಿ ನಿರುಪಯೋಗಿ. ಇಂಧನಕ್ಕೆ ನೀರು ಸೇರಿದರೆ ಇಂಜೆಕ್ಟರ್ ಕೆಡುತ್ತದೆ. ಸುರುಳಿಯನ್ನು ಹೊಗೆ ಕೊಳವೆಗೆ ಸುತ್ತುವುದು ಅಪಾಯಕರ. ಅಲ್ಲಿನ ಬಿಸಿ ನೂರಾರು ಡಿಗ್ರಿಯಾದ್ದರಿಂದ ಎಣ್ಣೆ ಒಳಗೇ ಕರಕಾಗುವುದು, ಸೋರಿದರೆ ಹೊತ್ತಿಕೊಳ್ಳುವುದು.

ರೈತರು ಗಮನಿಸಬೇಕಾದ ಮತ್ತೊಂದು ಸಂಗತಿಯುಂಟು. ಬಾವಿಯ ನೀರೇ ಎಂಜಿನ್ನಿನ ಮೂಲಕ ಹಾದು ಹೊಲಕ್ಕೆ ಹೋಗುವ ಪಂಪ್‌ಸೆಟ್ಟುಗಳಲ್ಲಿ ಆ ನೀರು ಉಗುರು ಬೆಚ್ಚಗಿರುತ್ತದೆ, ಅಷ್ಟೆ. ಅಲ್ಲಿ ಸುರುಳಿ ಇಟ್ಟೂ ಫಲವಿಲ್ಲ; ನೀರು ತೊಟ್ಟಿಯಲ್ಲಿ ನಿಂತು ಕಾಯುವ ಎಂಜಿನ್ ಬೇಕು. ಸುರುಳಿಯಿಂದ ಇಂಧನ ಪಂಪಿನವರೆಗಿನ ಕೊಳವೆ ಗಿಡ್ಡವಾಗಿರಲಿ, ಅದಕ್ಕೆ ಶಾಖ ತಡೆಯುವ ಹೊದಿಕೆ ಇರಲಿ. ಗಂಟೆಗೆ ಒಂದೇ ಲೀಟರ್ ಸಾಗುವ ಎಣ್ಣೆ ದಾರಿಯಲ್ಲೇ ಆರಿಬಿಡುತ್ತದೆ.

ಬಿಸಿ ಮಾಡಿದ ಮಾತ್ರಕ್ಕೆ ಎಣ್ಣೆಯ ಅಂಟೂ ಆಮ್ಲವೂ ಹೋಗವು. ಎಣ್ಣೆಯನ್ನು ತಂಗಿಸಿ, ಸೋಸಿ ಬಳಸಬೇಕು. ಕೀಲೆಣ್ಣೆಯನ್ನು ಬೇಗ ಬೇಗ ಬದಲಿಸಬೇಕು. ಎರಡು ಟ್ಯಾಂಕುಗಳಿದ್ದು, ಎಂಜಿನ್ನನ್ನು ಡೀಸೆಲ್ಲಿನಲ್ಲಿ ಚಾಲನೆ ಮಾಡಿ, ನೀರು ಚೆನ್ನಾಗಿ ಕಾದ ಮೇಲೆ ಹೊಂಗೆ ಎಣ್ಣೆಗೆ ತಿರುಗಿಸಿ, ನಿಲ್ಲಿಸುವ ಕೆಲವು ನಿಮಿಷ ಮುಂಚೆ ಪುನಃ ಡೀಸೆಲ್ಲಿಗೆ ತರಬೇಕು.