ಕೈಬರಹದ ಅನಿಮೇಷನ್ ಕಿರುಚಿತ್ರಗಳು ಮತ್ತು ತೊಗಲುಗೊಂಬೆಯ ನೋಟಕ್ರಮ

ಮುಖ್ಯ ಚಿತ್ರಕ್ಕೆ ಮೊದಲು ಫಿಲ್ಮ್ಸ್ ಡಿವಿಜನ್ನಿನ ಕಿರುಚಿತ್ರವನ್ನು ತೋರಿಸುವುದು ದಶಕಗಳ ಕಾಲ ಚಿತ್ರಮಂದಿರಗಳಿಗೆ ಕಡ್ಡಾಯವಾಗಿತ್ತು. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳೂ ಈ ನಿಯಮಕ್ಕೆ ಹೊರತಾಗಿರಲಿಲ್ಲ. ಆ ಕಿರುಚಿತ್ರಗಳಲ್ಲಿ ಕೆಲವು ಕೈಯಿಂದ ಬರೆದ ಅನಿಮೇಷನ್ ಚಿತ್ರಗಳು. ‘ಸರ್ಕಾರಿ ಪ್ರಚಾರ’, ‘ಮಕ್ಕಳ ರಂಜನೆ’ ಎಂಬ ಹಣೆಪಟ್ಟಿಗಳಿಂದಾಗಿ ಅವು ವಿದ್ವತ್ ಚರ್ಚೆಯಿಂದ ಬಹುಮಟ್ಟಿಗೆ ದೂರವೇ ಉಳಿದವು. ಆದರೆ ತೊಗಲುಗೊಂಬೆಯಾಟದ ಪರಂಪರೆಯಿರುವ ಈ ಸೀಮೆಯಿಂದ ನೋಡಿದಾಗ ಅವುಗಳ ಸೊಗಸು ಬೇರೆಯಾಗಿಯೇ ಕಾಣುತ್ತದೆ.

ಮುಂಬಯಿಯಲ್ಲಿ ಫಿಲ್ಮ್ಸ್ ಡಿವಿಜನ್ನಿನ ಕಾರ್ಟೂನ್ ಘಟಕ ಆರಂಭವಾದದ್ದು 1956ರಲ್ಲಿ. ಡಿಸ್ನಿ ಸಂಸ್ಥೆಯಲ್ಲಿ ದುಡಿದಿದ್ದ ಕ್ಲೇರ್ ವೀಕ್ಸ್ ಇಲ್ಲಿಯ ಕಲಾವಿದರಿಗೆ ತರಬೇತಿ ನೀಡಿದರು. ವಿಜಯಾ ಮುಳೆ ಅವರ ‘ಏಕ್ ಅನೇಕ್ ಔರ್ ಏಕತಾ’ (1974) ಇಂತಹ ಚಿತ್ರಗಳಲ್ಲಿ ಹೆಚ್ಚು ಪರಿಚಿತವಾದುದು.

ಸೆಕೆಂಡಿಗೆ 24 ಚೌಕಟ್ಟುಗಳು. ಒಂದೊಂದು ಚಿತ್ರವನ್ನು ಎರಡು ಚೌಕಟ್ಟುಗಳಿಗೆ ಬಳಸಿದರೂ ನಿಮಿಷಕ್ಕೆ 720 ಚಿತ್ರಗಳನ್ನು ಬರೆಯಬೇಕು. ಈ ಶ್ರಮವೇ ಮಿತವ್ಯಯವನ್ನು ಕಲಿಸಿತು. ದೇಹವನ್ನು ನಿಶ್ಚಲವಾಗಿರಿಸಿ ಬಾಯಿಯನ್ನೋ ಕೈಯನ್ನೋ ಮಾತ್ರ ಮತ್ತೆ ಬರೆಯುವುದು ರೂಢಿಗೆ ಬಂತು. ಮುಖ್ಯ ಭಂಗಿಗಳನ್ನು ಹಿರಿಯ ಕಲಾವಿದ ಬರೆದರೆ, ನಡುವಿನ ಚಿತ್ರಗಳನ್ನು ಸಹಾಯಕರು ತುಂಬುತ್ತಿದ್ದರು.

ತೊಗಲುಗೊಂಬೆಯಲ್ಲಿಯೂ ಒಂದೇ ಪಾತ್ರಕ್ಕೆ ಸಂದರ್ಭಾನುಸಾರ ಬೇರೆ ಬೇರೆ ಗೊಂಬೆಗಳಿವೆ: ಪಟ್ಟಾಭಿಷೇಕದ ರಾಮ ಬೇರೆ, ವನವಾಸದ ರಾಮ ಬೇರೆ. ಇವನ್ನು ಮುಖ್ಯ ಭಂಗಿಗಳೆಂದೇ ಪರಿಭಾವಿಸಬಹುದು. ನಡುವಿನದನ್ನು ತುಂಬುವುದು ಕಿಳ್ಳೇಕ್ಯಾತ ಕಲಾವಿದನ ಕೈಚಳಕ, ಹಾಡು ಮತ್ತು ದೀಪದ ಅಲುಗಾಟ. ಉಳಿದದ್ದನ್ನು ಪ್ರೇಕ್ಷಕನ ಕಣ್ಣು ಪೂರೈಸುತ್ತದೆ. ಹಳೆಯ ಅನಿಮೇಷನ್ನಿನಲ್ಲಿ ರೇಖೆ ಕೊಂಚ ನಡುಗಿದಾಗ ನಮಗಾಗುವ ಸಂತೋಷವೂ ಈ ಬಗೆಯದೇ. ಇಲ್ಲಿ ನಾನು ಹೇಳುತ್ತಿರುವುದು ನೋಟದ ಸಾಮ್ಯವನ್ನು ಮಾತ್ರ, ನೇರ ಪ್ರಭಾವವನ್ನಲ್ಲ. ಜರ್ಮನಿಯ ಲೊಟ್ಟೆ ರೈನಿಗರ್ 1926ರಲ್ಲೇ ಕತ್ತರಿಸಿದ ನೆರಳಾಕೃತಿಗಳಿಂದ ಪೂರ್ಣ ಪ್ರಮಾಣದ ಚಲನಚಿತ್ರ ಮಾಡಿದ್ದರು. ಆಕೆಯ ಆಕೃತಿಗಳು ಕಪ್ಪು. ನಮ್ಮ ಹದಮಾಡಿದ ತೊಗಲು ಬಣ್ಣದ ನೆರಳನ್ನೇ ಬೀಳಿಸುತ್ತದೆ.

ಸಂಗ್ರಹಾಲಯದ ಗಾಜಿನ ಹಿಂದೆ ಗೊಂಬೆ ಬಿಡಿ ಕಲಾವಸ್ತುವಾಗಿಬಿಡುತ್ತದೆ. ಹಿಂದು ಮುಂದಿನ ಗೊಂಬೆಗಳೊಡನೆ ಅದಕ್ಕಿದ್ದ ಸಂಬಂಧ ಕಡಿದುಹೋಗುತ್ತದೆ. ಪಠ್ಯವನ್ನಷ್ಟೇ ಬರೆದುಕೊಂಡರೆ ಹಾಡು ಉಳಿಯುತ್ತದೆ, ಚಲನೆ ಉಳಿಯುವುದಿಲ್ಲ. ಕಿರುಚಿತ್ರಗಳದಾದರೂ ಮೂಲ ಪ್ರತಿಗಳಿದ್ದಾವು. ಫಿಲ್ಮ್ಸ್ ಡಿವಿಜನ್ 2022ರಲ್ಲಿ ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮದೊಳಗೆ ವಿಲೀನವಾಗಿದೆ. ಆಟದ ಚಲನೆಗಾದರೋ ಕಂಡವರ ನೆನಪೇ ಆಕರ. ಈ ಎರಡೂ ಪರದೆಗಳನ್ನು ಕಂಡಿರುವ ಹಿರಿಯರ ಬಳಿ ಕ್ಷೇತ್ರಕಾರ್ಯಕ್ಕೆ ಹೋದಾಗ, ಯಾವ ಕಥೆಯನ್ನು ಆಡಿದರು ಎಂದಷ್ಟೇ ಅಲ್ಲ, ಯಾವ ಪದಕ್ಕೆ ಗೊಂಬೆ ಬದಲಾಯಿತು ಎಂದೂ ಕೇಳಬೇಕಾಗಿದೆ.